ಬಹುಫಲಕ ಕ್ಲಚ್ಚು: ಮರ್ಫಿ ಟೌನಿನಲ್ಲಿ ನಾನು ಕಲಿತದ್ದು

ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಲೇಖನ ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಬರೆದ ಕಾಗದ ಕೈಸೇರಿದಾಗ ನನಗೆ ಸಂತೋಷದೊಡನೆ ಸಂಕೋಚವೂ ಆಯಿತು. ನಾನು ಸಾಹಿತಿಯಲ್ಲ, ಶಾಸ್ತ್ರಗ್ರಂಥಗಳನ್ನು ಓದಿದವನೂ ಅಲ್ಲ. ಪಾಲಿಟೆಕ್ನಿಕ್ಕೊಂದರಲ್ಲಿ 37 ವರ್ಷ ಮೋಟಾರು ವಾಹನಗಳ ಪಾಠ ಹೇಳಿ 2013ರಲ್ಲಿ ನಿವೃತ್ತನಾದ ಮೇಷ್ಟ್ರು. ಪೂಜ್ಯರ ಸನ್ನಿಧಿಯಲ್ಲಿ ಬಿಡುಗಡೆಯಾಗುವ ಸಂಚಿಕೆಯಲ್ಲಿ ಎಣ್ಣೆ ಮೆತ್ತಿದ ಒಂದು ಯಂತ್ರಭಾಗದ ವಿಷಯ ಬರೆಯಬಹುದೇ ಎಂದು ಕೇಳಿದ್ದಕ್ಕೆ, ತಿಳಿದಿರುವುದನ್ನೇ ಬರೆಯಿರಿ ಎಂಬ ಉತ್ತರ ಬಂದಿತು. ನನಗೆ ತಕ್ಕಮಟ್ಟಿಗೆ ತಿಳಿದಿರುವುದು ಮೋಟಾರು ಸೈಕಲ್ಲಿನ ಕ್ಲಚ್ಚು. ಅದರಲ್ಲಿಯೂ ಹಲವು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಬಹುಫಲಕ ಕ್ಲಚ್ಚು.

ನಾನು ನಮ್ಮ ಶಾಲೆಯ ಉಚಿತ ಪ್ರಸಾದ ನಿಲಯದಲ್ಲಿದ್ದು ಎಸ್.ಎಸ್.ಎಲ್.ಸಿ. ಮುಗಿಸಿದ್ದು 1971ರಲ್ಲಿ. ವಿಜ್ಞಾನದ ಪಾಠವೆಲ್ಲ ಕನ್ನಡದಲ್ಲಿಯೇ ನಡೆಯುತ್ತಿತ್ತು. ಘರ್ಷಣೆ ಎಂಬ ಪಾಠದ ದಿನ ನಮ್ಮ ಮೇಷ್ಟ್ರು ತರಗತಿಯನ್ನೇ ಹೊರಗೆ ಕರೆದೊಯ್ದು, ಸೌದೆ ತಂದಿದ್ದ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಮುಂಚೆ ಒಮ್ಮೆ, ಹಾಕಿದ ತರುವಾಯ ಒಮ್ಮೆ ಗಾಡಿಯನ್ನು ನಮ್ಮಿಂದ ತಳ್ಳಿಸಿದರು. ಘರ್ಷಣೆ ಶತ್ರುವೂ ಹೌದು, ಮಿತ್ರನೂ ಹೌದು. ಅದಿಲ್ಲದಿದ್ದರೆ ನೀವು ಗಾಡಿಯನ್ನು ತಳ್ಳುವಾಗ ನಿಮ್ಮ ಪಾದವೇ ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಎಂದು ಅವರು ಹೇಳಿದ ಮಾತು ಅಂದು ಅರ್ಧ ಅರ್ಥವಾಯಿತು. ಉಳಿದರ್ಧ ಅರ್ಥವಾದದ್ದು ಬೆಂಗಳೂರಿನ ಮರ್ಫಿ ಟೌನಿನಲ್ಲಿ.

ಡಿಪ್ಲೊಮಾ ಓದಲೆಂದು ಬೆಂಗಳೂರಿಗೆ ಬಂದ ನನಗೆ ಮರ್ಫಿ ಟೌನಿನಲ್ಲಿದ್ದ ಸೋದರಮಾವನ ಮನೆಯಲ್ಲಿ ಆಶ್ರಯ ದೊರೆಯಿತು. ಹಲಸೂರು ಕೆರೆಗೂ ಹಳೆಯ ಮದರಾಸು ರಸ್ತೆಗೂ ದೂರವಲ್ಲದ ಈ ಬಡಾವಣೆ ಬ್ರಿಟಿಷರ ದಂಡಿನ ಕಾಲದ್ದು. ಸಣ್ಣ ಸಣ್ಣ ಮನೆಗಳ ಸಾಲುಗಳು, ನಡುವೆ ಒಂದು ಮಾರುಕಟ್ಟೆ, ಬೀದಿಯಲ್ಲಿ ತಮಿಳು, ದಖನಿ ಉರ್ದು, ತೆಲುಗು, ಕನ್ನಡ ಎಲ್ಲವೂ ಒಂದೇ ಉಸಿರಿನಲ್ಲಿ. ಹಳ್ಳಿಯಿಂದ ಬಂದ ನನಗೆ ಮೊದಲ ತಿಂಗಳು ಯಾರು ಯಾವ ಭಾಷೆಯಲ್ಲಿ ಬೈಯುತ್ತಿದ್ದಾರೆಂಬುದೇ ತಿಳಿಯಲಿಲ್ಲ. ಮಾವನ ಮನೆಯ ಸಾಲಿನ ಕೊನೆಯಲ್ಲಿ ತಗಡಿನ ಮಾಡಿನ ಒಂದು ಮೋಟಾರು ಸೈಕಲ್ ರಿಪೇರಿ ಅಂಗಡಿ ಇತ್ತು. ಅದರ ಯಜಮಾನರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಅಕ್ಷರ ಬಾರದ ಅವರು ಎಂಜಿನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಸಂಜೆ ಕಾಲೇಜು ಬಿಟ್ಟ ಮೇಲೆ ನಾನು ಅಲ್ಲಿ ಹೋಗಿ ಕೂರುವುದು ವಾಡಿಕೆಯಾಯಿತು. ಮೊದಲು ಬೀಡಿ ತಂದುಕೊಡುವ ಕೆಲಸ, ಆಮೇಲೆ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವ ಕೆಲಸ, ಒಂದು ವರ್ಷದ ತರುವಾಯ ಕ್ಲಚ್ಚು ಬಿಚ್ಚುವ ಅನುಮತಿ. ಹಗಲು ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡದ್ದು ಸಂಜೆ ಈ ಅಂಗಡಿಯಲ್ಲಿ ಕೈಗೆ ಸಿಕ್ಕುತ್ತಿತ್ತು.

ಕ್ಲಚ್ಚು ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಪೆಟ್ರೋಲಿನ ಎಂಜಿನು ನಿಂತಲ್ಲಿಂದ ಬಲ ಕೊಡಲಾರದು. ಅದು ಬದುಕಿರಬೇಕಾದರೆ ನಿಮಿಷಕ್ಕೆ ಸುಮಾರು ಸಾವಿರ ಸುತ್ತಾದರೂ ತಿರುಗುತ್ತಲೇ ಇರಬೇಕು. ಚಕ್ರವಾದರೋ ನಿಂತಿದೆ. ತಿರುಗುತ್ತಿರುವುದನ್ನು ನಿಂತಿರುವುದಕ್ಕೆ ಏಕಾಏಕಿ ಬೆಸೆದರೆ ಎಂಜಿನು ಸಾಯುತ್ತದೆ, ಇಲ್ಲವೇ ಗಾಡಿ ಹಾರುತ್ತದೆ. ಆದುದರಿಂದ ಇವೆರಡರ ನಡುವೆ ಸ್ವಲ್ಪ ಹೊತ್ತು ಜಾರುತ್ತ, ಜಾರುತ್ತಲೇ ಎಳೆಯುತ್ತ, ವೇಗಗಳು ಸಮನಾದ ಕೂಡಲೇ ಬಿಗಿಯಾಗಿ ಹಿಡಿದುಬಿಡುವ ಒಂದು ಮಧ್ಯಸ್ಥಿಕೆ ಬೇಕು. ಪಠ್ಯಪುಸ್ತಕಗಳು ಕ್ಲಚ್ಚೆಂದರೆ ಎಂಜಿನನ್ನೂ ಗೇರುಪೆಟ್ಟಿಗೆಯನ್ನೂ ಕೂಡಿಸುವ ಮತ್ತು ಬಿಡಿಸುವ ಸಾಧನ ಎನ್ನುತ್ತವೆ. ಅದು ಸರಿಯೇ, ಆದರೆ ಬರಿಯ ಕೂಡಿಸಿ ಬಿಡಿಸುವ ಕೆಲಸಕ್ಕೆ ಒಂದು ಕೊಂಡಿ ಸಾಕಾಗಿತ್ತು. ಕ್ಲಚ್ಚಿನ ಗುಣವೆಲ್ಲ ಇರುವುದು ಆ ನಡುವಣ ಒಂದೆರಡು ಸೆಕೆಂಡಿನ ಜಾರಿಕೆಯಲ್ಲಿ. ಹಲಸೂರಿನ ತಗ್ಗಿನಿಂದ ಟ್ರಿನಿಟಿ ಚರ್ಚಿನ ಏರಿಗೆ ಮೂವರನ್ನು ಹೇರಿಕೊಂಡು ಹೊರಡುವ ಆಟೋ ಚಾಲಕನ ಎಡಗೈ ಬೆರಳುಗಳಲ್ಲಿ ಈ ಜಾರಿಕೆಯ ವಿದ್ಯೆ ಇರುತ್ತದೆ. ಅವರ ಮಾತಿನಲ್ಲಿ ಅದಕ್ಕೆ ಹಾಫ್ ಕ್ಲಚ್ ಎಂದು ಹೆಸರು.

ಕಾರಿನಲ್ಲಿ ಈ ಕೆಲಸವನ್ನು ದೊಡ್ಡದೊಂದು ಒಣ ತಟ್ಟೆ ಮಾಡುತ್ತದೆ. ಎಂಜಿನಿನ ಹಿಂಬದಿಯಲ್ಲಿ ಅಗಲವಾದ ಫ್ಲೈವೀಲು ಹೇಗೂ ಇರುವುದರಿಂದ ಅಲ್ಲಿ ಸ್ಥಳಕ್ಕೆ ಬರವಿಲ್ಲ. ಒತ್ತುವುದಕ್ಕೆ ಇಡೀ ಕಾಲಿನ ಬಲವಿದೆ. ಮೋಟಾರು ಸೈಕಲ್ಲಿನ ಪರಿಸ್ಥಿತಿ ಬೇರೆ. ಸವಾರನ ಪಾದದ ಪಕ್ಕದಲ್ಲಿ ಒಂದು ಊಟದ ತಟ್ಟೆಗಿಂತ ಚಿಕ್ಕದಾದ ಜಾಗ, ಒತ್ತುವುದಕ್ಕೆ ನಾಲ್ಕು ಬೆರಳು. ಇಷ್ಟರಲ್ಲಿಯೇ ಎಂಜಿನಿನ ಪೂರ್ಣ ಬಲವನ್ನು ಹಿಡಿಯಬೇಕು. ಬುಲೆಟ್ಟಿನಂಥ ಗಾಡಿಯಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಕ್ಲಚ್ಚು ಇರುವುದು ಪ್ರೈಮರಿ ಸರಪಳಿಯ ಆಚೆ ತುದಿಯಲ್ಲಿ. ಎಂಜಿನು ಎರಡು ಸುತ್ತಿಗೂ ಮಿಕ್ಕಿ ತಿರುಗಿದರೆ ಅದು ಒಂದು ಸುತ್ತು ತಿರುಗುತ್ತದೆ. ವೇಗ ಕಡಿಮೆಯಾದಷ್ಟೂ ತಿರುಚುವ ಬಲ ಹೆಚ್ಚುವುದರಿಂದ ಎಂಜಿನು ಕೊಡುವುದರ ಎರಡರಷ್ಟನ್ನು ಆ ಪುಟ್ಟ ಕ್ಲಚ್ಚು ತಡೆದುಕೊಳ್ಳಬೇಕು. ಬಜಾಜ್ ಚೇತಕ್ ಸ್ಕೂಟರಿನಲ್ಲಿ ಕ್ಲಚ್ಚನ್ನು ಎಂಜಿನಿನ ಕ್ರ್ಯಾಂಕಿನ ತುದಿಯಲ್ಲಿಯೇ ಕೂರಿಸಿದ್ದರು. ಅಲ್ಲಿ ತಿರುಚುವ ಬಲ ಕಡಿಮೆ, ಆದರೆ ಜಾಗವೂ ಅಂಗೈಯಷ್ಟೇ.

ಇದಕ್ಕೆ ಕಂಡುಕೊಂಡ ಉಪಾಯವೇ ಬಹುಫಲಕ. ಹೊರಗೆ ಗೋಡೆಯಲ್ಲಿ ಉದ್ದುದ್ದ ಸೀಳುಗಳುಳ್ಳ ಒಂದು ಬಟ್ಟಲು, ಅಂಗಡಿಯವರ ಬಾಯಲ್ಲಿ ಡ್ರಮ್ಮು. ಇದನ್ನು ಎಂಜಿನು ತಿರುಗಿಸುತ್ತದೆ. ಅದರ ನಡುವೆ ಮೈಮೇಲೆ ಹಲ್ಲುಗಳುಳ್ಳ ಒಂದು ಗುಂಭ, ಅದಕ್ಕೆ ಸೆಂಟರ್ ಎಂದು ಹೆಸರು. ಇದು ಗೇರುಪೆಟ್ಟಿಗೆಯ ದಂಡಕ್ಕೆ ಸೇರಿದ್ದು. ಎರಡರ ನಡುವಣ ಉಂಗುರಾಕಾರದ ಜಾಗದಲ್ಲಿ ಎರಡು ಜಾತಿಯ ತಟ್ಟೆಗಳು ಒಂದನ್ನು ಬಿಟ್ಟು ಒಂದು ಕೂತಿರುತ್ತವೆ. ಘರ್ಷಣೆಯ ಲೇಪವುಳ್ಳ ತಟ್ಟೆಗಳ ಕಿವಿಗಳು ಹೊರಗಿನ ಡ್ರಮ್ಮಿನ ಸೀಳಿನೊಳಗೆ; ನುಣುಪಾದ ಉಕ್ಕಿನ ತಟ್ಟೆಗಳ ಹಲ್ಲುಗಳು ಒಳಗಿನ ಸೆಂಟರಿನ ಮೇಲೆ. ಒಂದು ಗುಂಪು ಎಂಜಿನಿನ ಪಕ್ಷ, ಇನ್ನೊಂದು ಚಕ್ರದ ಪಕ್ಷ. ಎಲ್ಲ ತಟ್ಟೆಗಳೂ ಅಡ್ಡಡ್ಡ ಸರಿಯಬಲ್ಲವು, ಆದರೆ ತಮ್ಮ ಪಕ್ಷವನ್ನು ಬಿಟ್ಟು ತಿರುಗಲಾರವು. ಈ ರಾಶಿಯ ಮೇಲೊಂದು ಒತ್ತುತಟ್ಟೆ, ಅದನ್ನು ಸದಾ ಅದುಮಿಕೊಂಡಿರುವ ಕೆಲವು ಸ್ಪ್ರಿಂಗುಗಳು. ಸ್ಪ್ರಿಂಗು ಒತ್ತಿದಾಗ ಎರಡೂ ಪಕ್ಷಗಳು ಒಂದಾಗಿ ತಿರುಗುತ್ತವೆ. ಕೈಯ ಲಿವರ್ ಒತ್ತಿದಾಗ ತಂತಿ ಎಳೆದು, ಒಂದು ಕಡ್ಡಿ ಒತ್ತುತಟ್ಟೆಯನ್ನು ಸ್ಪ್ರಿಂಗಿಗೆ ಎದುರಾಗಿ ಎತ್ತುತ್ತದೆ. ರಾಶಿ ಸಡಿಲಗೊಂಡು ಎಂಜಿನು ತನ್ನ ಪಾಡಿಗೆ ತಾನು ತಿರುಗುತ್ತದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳನ್ನು ನಾನು ಪಾಠದ ಅನುಕೂಲಕ್ಕಾಗಿ ದುಂಡಾಗಿಸಿ ಇಟ್ಟುಕೊಂಡಿದ್ದೇನೆ. ಸ್ಪ್ರಿಂಗುಗಳ ಒಟ್ಟು ಒತ್ತಡ 100 ಕಿಲೋಗ್ರಾಂ ಭಾರದಷ್ಟಿರಲಿ. ಎಣ್ಣೆಯಲ್ಲಿ ನೆನೆದ ತಟ್ಟೆಗಳ ಘರ್ಷಣಾಂಕ 0.1 ಇರಲಿ. ಆಗ ಒಂದೊಂದು ಮುಖವೂ 10 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುತ್ತದೆ. ತಟ್ಟೆಯ ಸರಾಸರಿ ತ್ರಿಜ್ಯ 5 ಸೆಂಟಿಮೀಟರ್ ಆದರೆ ಒಂದು ಮುಖದ ತಿರುಚುಬಲ 50 ಕಿಲೋಗ್ರಾಂ-ಸೆಂಟಿಮೀಟರ್. ಒಂದು ತಟ್ಟೆಗೆ ಎರಡು ಮುಖಗಳಾದುದರಿಂದ 100. ಐದು ತಟ್ಟೆಗಳಿಟ್ಟರೆ ಹತ್ತು ಮುಖ, 500 ಕಿಲೋಗ್ರಾಂ-ಸೆಂಟಿಮೀಟರ್. ಅದೇ 100 ಕಿಲೋಗ್ರಾಂ ಒತ್ತಡದಲ್ಲಿ, ಘರ್ಷಣಾಂಕ 0.3 ಇರುವ, 10 ಸೆಂಟಿಮೀಟರ್ ತ್ರಿಜ್ಯದ ಒಣ ತಟ್ಟೆ ಒಂದೇ ಇದ್ದರೆ ಸಿಕ್ಕುವುದು 600. ಅಗಲವನ್ನು ಅರ್ಧಕ್ಕೆ ಇಳಿಸಿ, ಎಣ್ಣೆಯಲ್ಲಿ ಅದ್ದಿ ಘರ್ಷಣೆಯನ್ನು ಮೂರನೆಯ ಒಂದಕ್ಕೆ ಇಳಿಸಿದರೂ, ತಟ್ಟೆಗಳ ಸಂಖ್ಯೆಯಿಂದಲೇ ಹೆಚ್ಚುಕಡಿಮೆ ಅದೇ ಬಲವನ್ನು ಪಡೆದಂತಾಯಿತು.

ಇಲ್ಲಿ ಪ್ರತಿ ವರ್ಷವೂ ತರಗತಿಯಲ್ಲಿ ಒಬ್ಬನಾದರೂ ಎದ್ದುನಿಂತು ಕೇಳುತ್ತಿದ್ದ ಪ್ರಶ್ನೆ ಒಂದಿದೆ. ಕೇಳದ ವರ್ಷ ನನಗೇ ಬೇಸರವಾಗುತ್ತಿತ್ತು. ಸ್ಪ್ರಿಂಗಿನ ಒತ್ತಡ 100 ಕಿಲೋಗ್ರಾಂ ಮಾತ್ರ. ಹತ್ತು ಮುಖಗಳಿಗೆ ಅದು ಹಂಚಿಹೋದರೆ ಒಂದೊಂದಕ್ಕೆ ಹತ್ತೇ ಕಿಲೋಗ್ರಾಂ ಬರಬೇಕಲ್ಲವೇ? ಹಾಗಾದರೆ ಲಾಭವೇನು? ಇದು ಬುದ್ಧಿವಂತರ ಪ್ರಶ್ನೆ. ಒತ್ತಡ ಹಂಚಿಹೋಗುವುದಿಲ್ಲ ಎಂಬುದು ಉತ್ತರ. ಸಾಲಾಗಿ ಜೋಡಿಸಿದ ವಸ್ತುಗಳಲ್ಲಿ ಮೇಲಿನ ಒತ್ತಡ ಪ್ರತಿಯೊಂದು ಸಂದನ್ನೂ ಪೂರ್ಣವಾಗಿ ಹಾದುಹೋಗುತ್ತದೆ. ಹತ್ತು ಇಟ್ಟಿಗೆಗಳ ಮೇಲೆ ಒಂದು ರಾಗಿ ಮೂಟೆ ಇಟ್ಟರೆ ಮೂಟೆಯ ಭಾರ ಮೇಲಿನ ಇಟ್ಟಿಗೆಗೂ ಪೂರ್ಣವೇ, ಕೆಳಗಿನದಕ್ಕೂ ಪೂರ್ಣವೇ. ನಾನು ಈ ಇಟ್ಟಿಗೆಯ ಉದಾಹರಣೆಯನ್ನೇ ಬಹುಕಾಲ ಹೇಳುತ್ತಿದ್ದೆ. ಇದಕ್ಕಿಂತ ಸೊಗಸಾದದ್ದನ್ನು 1994ರಲ್ಲಿ ಒಬ್ಬ ವಿದ್ಯಾರ್ಥಿಯಿಂದ ಕೇಳಿದೆ.

ಅವನು ಮರ್ಫಿ ಟೌನಿನ ಹುಡುಗನೇ. ಮನೆಯಲ್ಲಿ ತಮಿಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ, ದುಡಿಯುತ್ತಿದ್ದದ್ದು ಸಂಜೆ ನಮ್ಮ ಉಸ್ತಾದರ ಅಂಗಡಿಯಲ್ಲಿ. ಮೂರನೆಯ ವರ್ಷದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಇಂಗ್ಲಿಷಿನಲ್ಲಿ ಇದೇ ಪ್ರಶ್ನೆ ಹಾಕಿದರು. ಹುಡುಗ ಸ್ವಲ್ಪ ಹೊತ್ತು ತಡವರಿಸಿ, ಓಡಿಹೋಗಿ ತನ್ನ ಊಟದ ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟ. ನಾಲ್ಕು ಬಟ್ಟಲಿನ ಹಿತ್ತಾಳೆಯ ಕ್ಯಾರಿಯರು. "ಸಾರ್, ಮೇಲಿನ ಚಿಲಕ ಒಂದೇ. ಬಿಗಿ ಮಾಡಿದರೆ ಸಾರಿನ ಬಟ್ಟಲೂ ಸೋರಲ್ಲ, ಕೆಳಗಿನ ಮಜ್ಜಿಗೆ ಬಟ್ಟಲೂ ಸೋರಲ್ಲ. ಚಿಲಕದ ಬಿಗಿ ಭಾಗ ಆಗಿದ್ದರೆ ಕೆಳಗಿನದು ಸೋರಬೇಕಿತ್ತು" ಎಂದ. ಹಿಡಿಯನ್ನು ಹಿಡಿದು ನಡುವಿನ ಬಟ್ಟಲನ್ನು ತಿರುಗಿಸಲು ಪರೀಕ್ಷಕರಿಗೇ ಕೊಟ್ಟ. ಅದು ಅಲ್ಲಾಡಲಿಲ್ಲ. ಚಿಲಕ ಬಿಚ್ಚಿ ಕೊಟ್ಟ, ಸುಲಭವಾಗಿ ತಿರುಗಿತು. ಕೋಣೆಯಲ್ಲಿದ್ದ ನಾವು ನಾಲ್ವರು ಉಪಾಧ್ಯಾಯರೂ ಮೆಚ್ಚಿಕೊಂಡೆವು. ಪರೀಕ್ಷಕರು ಮಾತ್ರ, ಇಂಗ್ಲಿಷಿನ ವ್ಯಾಖ್ಯೆ ಬರುವುದಿಲ್ಲವೇ ಎಂದು ಕೇಳಿ, ಅವನು ತಲೆ ತಗ್ಗಿಸಿದ್ದನ್ನು ಕಂಡು ತೇರ್ಗಡೆಗೆ ಬೇಕಾದಷ್ಟೇ ಅಂಕ ಕೊಟ್ಟು ಕಳುಹಿಸಿದರು.

ಈ ಹುಡುಗ ಅಂಗಡಿ ಸೇರಿದ ಕಾರಣ ಇದೇ ಲೆಕ್ಕದ ಇನ್ನೊಂದು ಮಗ್ಗುಲಿಗೆ ಸಂಬಂಧಿಸಿದ್ದು. ಒತ್ತಡ ಹಂಚಿಹೋಗುವುದಿಲ್ಲವೆಂದೆನಷ್ಟೆ, ಆದರೆ ಬಿಡಿಸುವಾಗ ಸಿಕ್ಕುವ ಸಂದು ಹಂಚಿಹೋಗುತ್ತದೆ. ಲಿವರನ್ನು ಪೂರ್ಣ ಒತ್ತಿದಾಗ ಒತ್ತುತಟ್ಟೆ ಮೇಲೇಳುವುದು ಸುಮಾರು 2 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಹತ್ತು ಮುಖಗಳು ಅದನ್ನು ಹಂಚಿಕೊಂಡರೆ ಒಂದೊಂದರ ಪಾಲಿಗೆ 0.2 ಮಿಲಿಮೀಟರ್, ಅಂದರೆ ಒಂದು ಅಂಚೆ ಕಾರ್ಡಿನ ದಪ್ಪವೂ ಇಲ್ಲ. ಅದೂ ಸಮನಾಗಿ ಹಂಚಿಕೊಂಡರೆ ಮಾತ್ರ. ಒಂದು ಉಕ್ಕಿನ ತಟ್ಟೆ ಬಿಸಿಗೆ ಸೊಟ್ಟಗಾಗಿದ್ದರೆ, ಡ್ರಮ್ಮಿನ ಸೀಳಿನ ಅಂಚಿನಲ್ಲಿ ತಟ್ಟೆಯ ಕಿವಿ ಬಡಿದು ಬಡಿದು ಹಳ್ಳ ಬಿದ್ದಿದ್ದರೆ, ಅಥವಾ ಚಳಿಯ ಬೆಳಗ್ಗೆ ಎಣ್ಣೆ ಅಂಟಾಗಿ ತಟ್ಟೆಗಳನ್ನು ಒಂದಕ್ಕೊಂದು ಕಚ್ಚಿಸಿದ್ದರೆ, ಕೈ ಲಿವರನ್ನು ಒತ್ತಿ ಹಿಡಿದಿದ್ದರೂ ಕ್ಲಚ್ಚು ಬಿಡುವುದಿಲ್ಲ. ಜಾರಬೇಕಾದಾಗ ಹಿಡಿಯುವುದು, ಹಿಡಿಯಬೇಕಾದಾಗ ಜಾರುವುದು: ಬಹುಫಲಕ ಕ್ಲಚ್ಚಿಗೆ ಬರುವ ಕಾಯಿಲೆಗಳು ಮುಖ್ಯವಾಗಿ ಇವೆರಡೇ. ಎರಡನೆಯದು ಹಣ ಕಳೆಯುತ್ತದೆ. ಎಂಜಿನು ಅರಚುತ್ತದೆ, ಗಾಡಿ ಓಡುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಮೊದಲನೆಯದು ಅಪಾಯಕಾರಿ.

1988ರ ಚಳಿಗಾಲದ ಒಂದು ಮುಂಜಾನೆ, ಆ ಹುಡುಗನ ತಂದೆ ಬೀದಿಯ ಗೋಡೆಗೂ ನಿಂತಿದ್ದ ಒಂದು ಬುಲೆಟ್ಟಿಗೂ ನಡುವೆ ಕುಕ್ಕುರುಗಾಲಿನಲ್ಲಿ ಕೂತು ಮುಂದಿನ ದೀಪದ ತಿರುಪು ಬಿಗಿಯುತ್ತಿದ್ದರು. ಎಂಜಿನು ನ್ಯೂಟ್ರಲಿನಲ್ಲಿ ಓಡುತ್ತಿತ್ತು. ಗಾಡಿಯ ಮಾಲೀಕ ಮೇಲೆ ಕೂತು, ಕ್ಲಚ್ಚು ಒತ್ತಿ ಹಿಡಿದೇ, ಮೊದಲ ಗೇರು ಹಾಕಿದ. ರಾತ್ರಿಯೆಲ್ಲ ಚಳಿಯಲ್ಲಿ ನಿಂತಿದ್ದ ತಟ್ಟೆಗಳು ಕಚ್ಚಿಕೊಂಡಿದ್ದವು. ಗಾಡಿ ಒಂದು ಗಜ ಮುಂದಕ್ಕೆ ನೆಗೆದು ಎಂಜಿನು ನಿಂತಿತು. ಆ ಒಂದು ಗಜ ಸಾಕಾಯಿತು. ಬಲಮೊಣಕಾಲಿನ ಚಿಪ್ಪು ಒಡೆದು ಅವರು ಎಂಟು ತಿಂಗಳು ಮಲಗಿದರು. ಮತ್ತೆ ಕೂತೇಳುವ ಕೆಲಸ ಅವರಿಂದಾಗಲಿಲ್ಲ. ಮಾಲೀಕ ತಾನು ಕ್ಲಚ್ಚು ಒತ್ತಿಯೇ ಇದ್ದೆನೆಂದು ಅಳುತ್ತ ಆಣೆ ಮಾಡಿದ. ಅದು ನಿಜವೂ ಆಗಿತ್ತು. ಹದಿನಾಲ್ಕು ವರ್ಷದ ಮಗ ಶಾಲೆಯ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತು ಅಂಗಡಿಗೆ ಬರತೊಡಗಿದ.

ಉಸ್ತಾದರು ಅವನಿಗೆ ಕಲಿಸಿದ ಮೊದಲ ಪಾಠ ಎಂಜಿನಿನದ್ದಲ್ಲ. ಮುಂಜಾನೆ ಬುಲೆಟ್ಟನ್ನು ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ಚು ಒತ್ತಿ ಹಿಡಿದು ನಾಲ್ಕು ಸಲ ಕಿಕ್ಕರನ್ನು ತುಳಿಯಬೇಕು. ಆ ಗಾಡಿಯಲ್ಲಿ ಕಿಕ್ಕರು ಗೇರುಪೆಟ್ಟಿಗೆಯ ಮೂಲಕ ಎಂಜಿನನ್ನು ತಿರುಗಿಸುವುದರಿಂದ, ಹಾಗೆ ತುಳಿದಾಗ ಸೆಂಟರಿನ ಪಕ್ಷದ ತಟ್ಟೆಗಳು ತಿರುಗಿ, ನಿಂತಿರುವ ಡ್ರಮ್ಮಿನ ಪಕ್ಷದಿಂದ ಬಿಡಿಸಿಕೊಳ್ಳುತ್ತವೆ. ಕಿಕ್ಕರು ಹಗುರವಾಗಿ ಇಳಿದರೆ ತಟ್ಟೆ ಬಿಟ್ಟಿದೆ ಎಂದರ್ಥ; ಎಂಜಿನು ತಡೆದಂತಾದರೆ ಇನ್ನೂ ಕಚ್ಚಿದೆ. ಎರಡನೆಯ ಪಾಠ ಗಾಜಿನದು. ಅಂಗಡಿಯ ಮೂಲೆಯಲ್ಲಿ ಯಾವುದೋ ಹಳೆಯ ಅಲಮಾರಿನ ದಪ್ಪ ಗಾಜು ಇತ್ತು. ಉಕ್ಕಿನ ತಟ್ಟೆಯನ್ನು ಒರೆಸಿ ಅದರ ಮೇಲಿಟ್ಟು, ಬೆರಳಿನಿಂದ ಅಂಚನ್ನು ಸುತ್ತಲೂ ತಟ್ಟಿ ಕೇಳಬೇಕು. "ಟಕ್ ಎಂದರೆ ಸೊಟ್ಟ, ತಮ್ಮಾ. ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳುತ್ತೆ" ಎನ್ನುತ್ತಿದ್ದರು. ನಾನು ಕಾಲೇಜಿನಿಂದ ತಂದ ಫೀಲರ್ ಗೇಜನ್ನು ಗಾಜಿಗೂ ತಟ್ಟೆಗೂ ನಡುವೆ ತೂರಿಸಿ ಅವರ ಕಿವಿಯನ್ನು ಪರೀಕ್ಷಿಸಿದ್ದುಂಟು. ಅವರು ಬೇಡವೆಂದು ತೆಗೆದಿಟ್ಟ ತಟ್ಟೆಗಳೆಲ್ಲದರಲ್ಲಿಯೂ ಗೇಜಿನ ತೆಳು ಹಾಳೆ ಒಳಹೊಕ್ಕಿತು. ಎಂಥ ಸೂಕ್ಷ್ಮ ಸಂದಿನ ಯಂತ್ರವಿದೆಂದು ಅಕ್ಷರ ಬಾರದ ಆ ಮನುಷ್ಯನಿಗೆ ಯಾರು ಹೇಳಿಕೊಟ್ಟಿದ್ದರೋ!

ಎಣ್ಣೆಯಲ್ಲಿ ಮುಳುಗಿಸಿದರೆ ಘರ್ಷಣೆ ಕಡಿಮೆಯಾಗುವುದಾದರೆ ಮುಳುಗಿಸುವುದೇಕೆ ಎಂದು ವಾಚಕರಿಗೆ ಅನಿಸಿರಬಹುದು. ಜಾರಿಕೆಯ ಒಂದೆರಡು ಸೆಕೆಂಡುಗಳಲ್ಲಿ ವ್ಯತ್ಯಾಸದ ವೇಗವೆಲ್ಲ ಶಾಖವಾಗಿ ಮಾರ್ಪಡುತ್ತದೆ. ತೆಳುವಾದ ತಟ್ಟೆಗಳ ರಾಶಿಯೊಳಗೆ ಗಾಳಿ ಆಡುವುದಿಲ್ಲ. ಎಣ್ಣೆ ಆ ಶಾಖವನ್ನು ಹೊತ್ತೊಯ್ಯುತ್ತದೆ, ಸವೆದ ಪುಡಿಯನ್ನೂ ತೊಳೆಯುತ್ತದೆ, ಹಿಡಿತ ಒಮ್ಮೆಲೇ ಜಗ್ಗದಂತೆ ಮೃದುಗೊಳಿಸುತ್ತದೆ. ಹಿಂದೆ ಈ ತಟ್ಟೆಗಳಿಗೆ ಕಾರ್ಕನ್ನು, ಅಂದರೆ ಸೀಸೆಯ ಬಿರಡೆಗೆ ಬಳಸುವ ಮರದ ತೊಗಟೆಯನ್ನು, ಅಂಟಿಸುತ್ತಿದ್ದರು. ಎಣ್ಣೆಯಲ್ಲಿ ನೆನೆದರೂ ಕಾರ್ಕು ಹಿಡಿತ ಬಿಡದು. ಹೊಸ ಕಾರ್ಕು ತಟ್ಟೆಗಳನ್ನು ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿ ಬೆಳಗ್ಗೆ ಕೂರಿಸುವುದು ನಮ್ಮ ಅಂಗಡಿಯ ಪದ್ಧತಿ. ಒಣಗಿದ್ದನ್ನೇ ಹಾಕಿದರೆ ಮೊದಲ ಏರಿನಲ್ಲಿಯೇ ಸುಡುತ್ತದೆ. ಈ ಎಣ್ಣೆ ಯಾವುದು ಎಂಬುದೂ ಮುಖ್ಯ. ಇಂದಿನ ಬಹುತೇಕ ಮೋಟಾರು ಸೈಕಲ್ಲುಗಳಲ್ಲಿ ಎಂಜಿನಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಕಾರಿಗೆಂದು ಮಾಡಿದ ಕೆಲವು ಎಣ್ಣೆಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳಿರುವುದರಿಂದ, ಅಗ್ಗವೆಂದೋ ಉತ್ತಮವೆಂದೋ ಅದನ್ನು ತಂದು ಸುರಿದರೆ ಕ್ಲಚ್ಚು ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂಬ ಜಪಾನಿ ಮಾನಕದ ಗುರುತು ಇದೆಯೇ ಎಂದು ನೋಡಿ ಕೊಳ್ಳುವುದು ಕ್ಷೇಮ.

ನಮ್ಮ ನಾಡಿನಲ್ಲಿಯೇ ತಯಾರಾದ ಕ್ಲಚ್ಚೊಂದನ್ನು ಇಲ್ಲಿ ಸ್ಮರಿಸದಿದ್ದರೆ ತಪ್ಪಾದೀತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮೋಟಾರು ಸೈಕಲ್ಲುಗಳು ತಯಾರಾಗುತ್ತಿದ್ದವು. ಜೆಕೊಸ್ಲೊವಾಕಿಯದ ವಿನ್ಯಾಸ, ಮೈಸೂರಿನ ಕೈಗಳು. ಅದರಲ್ಲಿ ಗೇರಿನ ತುಳಿಗೋಲೇ ಕಿಕ್ಕರು ಕೂಡ. ಒಂದನ್ನೇ ಹಿಂದಕ್ಕೆ ತಿರುಗಿಸಿ ತುಳಿದರೆ ಎಂಜಿನು, ಮುಂದಕ್ಕೆ ತಂದರೆ ಗೇರು. ಅದಕ್ಕಿಂತ ಸ್ವಾರಸ್ಯವಾದದ್ದು, ಪಾದ ಗೇರಿನ ಮೇಲೆ ಒತ್ತಿದೊಡನೆ ಒಳಗಿನ ಒಂದು ಏರ್ಪಾಡು ತಾನಾಗಿಯೇ ಕ್ಲಚ್ಚಿನ ಕಡ್ಡಿಯನ್ನು ತಳ್ಳಿ ತಟ್ಟೆಗಳನ್ನು ಬಿಡಿಸುತ್ತಿದ್ದುದು. ಓಡುವಾಗ ಕೈಯ ಲಿವರನ್ನು ಮುಟ್ಟದೆಯೇ ಗೇರು ಬದಲಿಸಬಹುದಾಗಿತ್ತು. ನಮ್ಮ ಉಸ್ತಾದರು ಯಾವ ಗಾಡಿಯನ್ನೂ ಹೊಗಳುವವರಲ್ಲ. ಈ ಏರ್ಪಾಡಿನ ಬಳಿಗೆ ಬಂದಾಗ ಮಾತ್ರ ಬೀಡಿಯನ್ನು ಬಾಯಿಂದ ತೆಗೆಯುತ್ತಿದ್ದರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಜಾಲಾಡುವ ಯೆಜ್ಡಿ ಭಕ್ತರು ಆಮೇಲೆಯೂ ಇದ್ದರು.

ಬಹುಫಲಕ ಮೋಟಾರು ಸೈಕಲ್ಲಿಗೇ ಮೀಸಲಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕಾರುಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯೊಳಗೆ ಇಂಥ ರಾಶಿಗಳು ಹಲವು ಇರುತ್ತವೆ; ಅವನ್ನು ಒತ್ತುವುದು ಸ್ಪ್ರಿಂಗಿನ ಬದಲು ಎಣ್ಣೆಯ ಒತ್ತಡ. ಬುಲ್ಡೋಜರಿನಲ್ಲಿ ತಿರುಗಿಸುವ ಚಕ್ರವೇ ಇಲ್ಲ. ಹಳೆಯ ಮಾದರಿಗಳಲ್ಲಿ ಎಡಬಲದ ಪಟ್ಟಿಗಳಿಗೆ ಒಂದೊಂದು ಬಹುಫಲಕ ಕ್ಲಚ್ಚು ಇದ್ದು, ಯಾವ ಬದಿಯದನ್ನು ಬಿಡಿಸಿದರೆ ಆ ಬದಿಗೆ ಯಂತ್ರ ಹೊರಳುತ್ತದೆ.

ಆ ಹುಡುಗನ ವಿಷಯ ಪೂರ್ತಿ ಮಾಡಬೇಕು. ಅವನು ಪ್ರಾಯೋಗಿಕ ಪರೀಕ್ಷೆಗಳಲ್ಲೆಲ್ಲ ತೇರ್ಗಡೆಯಾದ. ಇಂಗ್ಲಿಷಿನಲ್ಲಿ ಬರೆಯಬೇಕಾದ ಎರಡು ಪತ್ರಿಕೆಗಳು ಉಳಿದವು. ನಾನು ಪಾಠಗಳನ್ನು ಕನ್ನಡದಲ್ಲಿ ಬರೆದು, ಅಂಗಡಿಯ ಮಾತುಗಳನ್ನೇ ಬಳಸಿ, ಪಕ್ಕದಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಕಲ್ಲಚ್ಚು ಮಾಡಿಸಿ ಹಂಚಿದೆ. ಅದರಿಂದ ಮುಂದಿನ ವರ್ಷಗಳ ಹಳ್ಳಿಯ ಹುಡುಗರಿಗೆ ಪ್ರಯೋಜನವಾಯಿತು; ನಮ್ಮ ಪ್ರಸಾದ ನಿಲಯದಿಂದಲೇ ಬಂದಿದ್ದ ಮೂವರು ಅದನ್ನು ಓದಿ ಮೊದಲ ದರ್ಜೆಯಲ್ಲಿ ಪಾಸಾದರು. ಅವನಿಗೆ ಮಾತ್ರ ಹೊತ್ತು ಮೀರಿತ್ತು. ಮನೆಯಲ್ಲಿ ತಂದೆ ಕೂತಿದ್ದರು, ತಂಗಿಯರ ಮದುವೆ ಎದುರಿಗಿತ್ತು. ಡಿಪ್ಲೊಮಾ ಇಲ್ಲದೆಯೇ ಅವನು ಪೂರ್ತಿ ಅಂಗಡಿಗೆ ನಿಂತ. 1999ರಲ್ಲಿ ಉಸ್ತಾದರು ತೀರಿಕೊಂಡ ತರುವಾಯ ಅಂಗಡಿಯೂ ಆ ಗಾಜೂ ಅವನ ಪಾಲಿಗೆ ಬಂದವು. ವಿದ್ಯೆ ಯಾವ ಭಾಷೆಯಲ್ಲಿ ಕೈಗೆ ಹತ್ತಿತೋ ಆ ಭಾಷೆಯಲ್ಲಿಯೇ ಪರೀಕ್ಷೆಯನ್ನೂ ಬರೆಯಲು ಬಿಟ್ಟಿದ್ದರೆ ಏನಾಗುತ್ತಿತ್ತೆಂದು ನಾನು ಈಗಲೂ ಸಿಟ್ಟಿನಿಂದಲೇ ಯೋಚಿಸುತ್ತೇನೆ.

ಈಗ ಅವನ ಎದುರಿಗಿರುವುದು ಬೇರೆಯ ಪರೀಕ್ಷೆ. ಗೇರಿಲ್ಲದ ಸ್ಕೂಟರುಗಳು ಕೈಯ ಕ್ಲಚ್ಚನ್ನು ಎಂದೋ ಬಿಟ್ಟವು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾದಿಂದಲೇ ಅದು ಆರಂಭ. ಅವುಗಳಲ್ಲಿ ವೇಗ ಏರಿದಂತೆ ತಾನಾಗಿಯೇ ಹೊರಕ್ಕೆ ಚಾಚಿ ಹಿಡಿಯುವ ಒಣ ಕ್ಲಚ್ಚು ಇರುತ್ತದೆ. ವಿದ್ಯುತ್ ಸ್ಕೂಟರುಗಳಲ್ಲಿ ಅದೂ ಇಲ್ಲ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಕೊಡಬಲ್ಲದು. ನಿಂತ ಚಕ್ರದೊಡನೆ ತಾನೂ ನಿಲ್ಲಬಲ್ಲದು. ಎರಡು ವೇಗಗಳ ನಡುವೆ ಮಧ್ಯಸ್ಥಿಕೆ ನಡೆಸುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ಕಾರ್ಕು ತಟ್ಟೆಗಳ ಕಾಲದ ಚೇತಕ್ ಎಂಬ ಹೆಸರೇ 2020ರ ಜನವರಿಯಲ್ಲಿ ವಿದ್ಯುತ್ ಸ್ಕೂಟರಾಗಿ, ಮೊದಲು ಬೆಂಗಳೂರು ಮತ್ತು ಪುಣೆಗಳಲ್ಲಿ, ಮರಳಿ ಬಂದಿತು. ಮರ್ಫಿ ಟೌನಿನ ಓಣಿಗಳಲ್ಲಿ ಸಾಮಾನು ತಲುಪಿಸುವ ಹುಡುಗರ ಸ್ಕೂಟರುಗಳು ಈಗ ಸದ್ದಿಲ್ಲದೆ ಓಡುತ್ತವೆ. ಅವು ಅವನ ಅಂಗಡಿಗೆ ಬರುವುದು ಬ್ರೇಕಿಗೆ, ಟೈರಿಗೆ ಮಾತ್ರ.

ಆದರೂ ಮೋಟಾರು ಸೈಕಲ್ಲುಗಳು ಮಾಯವಾಗಿಲ್ಲ. ಅವುಗಳ ಬಹುಫಲಕಗಳು ಇನ್ನೂ ಬೆಳೆಯುತ್ತಿವೆ. ಹೋದ ವರ್ಷ ಅವನು ಫೋನು ಮಾಡಿ, "ಸಾರ್, ಒಂದು ಹೊಸ ತರಹ ಕ್ಲಚ್ಚು ಬಿಚ್ಚಿದ್ದೀನಿ, ಸೆಂಟರು ಎರಡು ತುಂಡು ಇದೆ, ಬನ್ನಿ" ಎಂದ. ಹೋದೆ. ಸೆಂಟರಿನ ಎರಡು ಭಾಗಗಳ ನಡುವೆ ಓರೆಯಾದ ಇಳಿಜಾರುಗಳಿದ್ದವು. ಎಂಜಿನು ಚಕ್ರವನ್ನು ಎಳೆಯುವಾಗ ಈ ಓರೆಗಳು ಒಂದರ ಮೇಲೊಂದು ಜಾರಿ ತಟ್ಟೆಗಳ ರಾಶಿಯನ್ನು ತಾವೇ ಅದುಮುತ್ತವೆ; ಆದುದರಿಂದ ಮೆದುವಾದ ಸ್ಪ್ರಿಂಗು ಸಾಕು. ಇಳಿಜಾರಿನಲ್ಲಿ ಗೇರು ಇಳಿಸಿದಾಗ ಚಕ್ರವೇ ಎಂಜಿನನ್ನು ದೂಡತೊಡಗುತ್ತದೆ. ಆಗ ಇನ್ನೊಂದು ಬದಿಯ ಓರೆಗಳು ಒತ್ತುತಟ್ಟೆಯನ್ನು ಕೊಂಚ ಎತ್ತಿ, ಹಿಂಬದಿಯ ಟೈರು ಕಚ್ಚಿ ಜಾರುವ ಮುಂಚೆಯೇ ಕ್ಲಚ್ಚನ್ನು ಜಾರಿಸುತ್ತವೆ. ನಾನು ಕಾಗದದ ಮೇಲೆ ಬಲಗಳನ್ನು ಗುರುತಿಸಿ ತೋರಿಸಿದೆ. ಅವನು ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ತೋರಿಸಿದ. ಉಕ್ಕಿನ ತಟ್ಟೆಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು ತಟ್ಟಿ ನೋಡಿ, ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೆ, ಒಳಗಿನಿಂದ ಊರುಗೋಲು ಹಿಡಿದು ಬಂದ ಅವನ ತಂದೆ ಕ್ಲಚ್ಚಿನ ಲಿವರನ್ನು ಎರಡು ಬೆರಳಿನಲ್ಲಿ ಒತ್ತಿ ಬಿಟ್ಟರು, ಇನ್ನೊಮ್ಮೆ ಒತ್ತಿ ಹಿಡಿದು ಗಾಡಿಯನ್ನು ಗೇರಿನಲ್ಲಿಯೇ ಮುಂದಕ್ಕೆ ತಳ್ಳಿ ನೋಡು ಎಂದು ಮಗನಿಗೆ ಹೇಳಿದರು. ಗಾಡಿ ಹಗುರವಾಗಿ ಉರುಳಿತು.